ಜೂಮ್ಲಾ ಮಾಡ್ಯೂಲ್‌ಗಳಲ್ಲಿ ವಿನ್ಯಾಸವನ್ನು ಕೋಡ್‌ನಿಂದ ಬೇರ್ಪಡಿಸುವ ಕ್ರಮ

ಗ್ರಂಥಾಲಯವೊಂದರ ಜಾಲತಾಣದ ಬಲಬದಿಯಲ್ಲಿ ‘ಮುಂಬರುವ ಕಾರ್ಯಕ್ರಮಗಳು’ ಎಂಬ ಪುಟ್ಟ ಪಟ್ಟಿ ಇದೆ ಎಂದುಕೊಳ್ಳೋಣ. ಜಾಲತಾಣಗಳನ್ನು ನಿರ್ವಹಿಸುವ ಜೂಮ್ಲಾ ತಂತ್ರಾಂಶದಲ್ಲಿ ಪುಟದ ಬದಿಯಲ್ಲಿ ಕೂರುವ ಇಂಥ ತುಣುಕಿಗೆ ಮಾಡ್ಯೂಲ್ ಎನ್ನುತ್ತಾರೆ. ಶೀರ್ಷಿಕೆಯ ಕೆಳಗಿರುವ ದಿನಾಂಕವನ್ನು ಮೇಲಕ್ಕೆ ತರಲು ವಿನ್ಯಾಸಗಾರರು ಡೇಟಾಬೇಸ್ ಕ್ವೆರಿ ಇರುವ ಕಡತವನ್ನೇ ತೆರೆಯಬೇಕಾದರೆ, ಆ ಮಾಡ್ಯೂಲ್ ಕೆಲಸ ಮಾಡುತ್ತಿದ್ದರೂ ಅದರ ಕಟ್ಟೋಣ ಸರಿಯಿಲ್ಲ. ವಿನ್ಯಾಸ ಬದಲಿಸಿದವರ ಕೈಯಲ್ಲಿ ಕ್ವೆರಿ ಕೆಡುತ್ತದೆ, ಕ್ವೆರಿ ತಿದ್ದಿದವರ ಕೈಯಲ್ಲಿ ವಿನ್ಯಾಸ ಕೆಡುತ್ತದೆ. ಇಂಥ ಮಾಡ್ಯೂಲ್ ಒಂದನ್ನು ಜೂಮ್ಲಾ 4 ಮತ್ತು 5ರ ರೀತಿಯಲ್ಲಿ ಹೇಗೆ ಬಿಡಿಸಿ ಕಟ್ಟಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಓದುಗರಿಗೆ ಪಿಎಚ್‌ಪಿ ಮತ್ತು ಸಿಎಸ್‌ಎಸ್‌ಗಳ ಸಾಮಾನ್ಯ ಪರಿಚಯವಿದೆ ಎಂದು ಭಾವಿಸಲಾಗಿದೆ.

ಮ್ಯಾಂಬೋ ಎಂಬ ತಂತ್ರಾಂಶದಿಂದ ಕವಲೊಡೆದು 2005ರಲ್ಲಿ ಜೂಮ್ಲಾ ಹೊರಬಂದಾಗ, ಮಾಡ್ಯೂಲ್ ಎಂದರೆ ಸಾಮಾನ್ಯವಾಗಿ ಒಂದೇ ಪಿಎಚ್‌ಪಿ ಕಡತ. ದತ್ತಾಂಶ ತರುವುದೂ ಎಚ್‌ಟಿಎಂಎಲ್ ಮುದ್ರಿಸುವುದೂ ಅದರೊಳಗೇ ನಡೆಯುತ್ತಿತ್ತು. 2008ರ ಜನವರಿಯಲ್ಲಿ ಬಿಡುಗಡೆಯಾದ 1.5ನೇ ಆವೃತ್ತಿ ಈ ಸ್ಥಿತಿಯನ್ನು ಬದಲಿಸಿತು. ಮಾಡ್ಯೂಲ್‌ನ ನೋಟವನ್ನು ಕಟ್ಟುವ ಲೇಔಟ್ ಕಡತಗಳಿಗೆ ಟಿಎಂಪಿಎಲ್ (tmpl) ಎಂಬ ಪ್ರತ್ಯೇಕ ಕೋಶವೂ, ಮಾಡ್ಯೂಲನ್ನು ಮುಟ್ಟದೆಯೇ ಅದರ ಲೇಔಟನ್ನು ಟೆಂಪ್ಲೇಟ್‌ನಿಂದ (ಇಡೀ ತಾಣದ ವಿನ್ಯಾಸದ ಕಡತಗಳಿಂದ) ಬದಲಿಸುವ ಓವರ್‌ರೈಡ್ ವ್ಯವಸ್ಥೆಯೂ ಆಗಲೇ ಬಂದವು. 2021ರ ಆಗಸ್ಟ್‌ನಲ್ಲಿ ಬಂದ 4ನೇ ಆವೃತ್ತಿಯು ಇದಕ್ಕೆ ಮಾಡ್ಯೂಲನ್ನು ನಡೆಸಿ ಲೇಔಟ್‌ಗೆ ದತ್ತಾಂಶ ಒಪ್ಪಿಸುವ ಡಿಸ್ಪ್ಯಾಚರ್ ಎಂಬ ಕ್ಲಾಸನ್ನು ಸೇರಿಸಿತು. ಅನುಕೂಲ ಇಷ್ಟು ಹಳೆಯದಾಗಿದ್ದರೂ ದತ್ತಾಂಶ ತರುವ ಹೆಲ್ಪರ್ ಎಂಬ ಕ್ಲಾಸ್‌ನಿಂದಲೇ ಎಚ್‌ಟಿಎಂಎಲ್ ಉಗುಳುವ ಮಾಡ್ಯೂಲ್‌ಗಳು ಇಂದಿಗೂ ಬರೆಯಲ್ಪಡುತ್ತಿರುವುದಕ್ಕೆ ಅವಸರವನ್ನು ಬಿಟ್ಟು ಬೇರೆ ಕಾರಣ ಕಾಣುವುದಿಲ್ಲ.

ಗೆರೆ ಎಲ್ಲಿ ಎಳೆಯಬೇಕು

ಲೇಔಟ್ ಕಡತದಲ್ಲಿ ಪಿಎಚ್‌ಪಿ ಇರಲೇಬಾರದು ಎಂದು ಹಲವರು ನಂಬಿದ್ದಾರೆ. ಇದು ತಪ್ಪು ಗೆರೆ. ಪಟ್ಟಿಯನ್ನು ಸುತ್ತಿ ಬರಲು ಲೂಪ್ ಬೇಕು, ಚಿತ್ರವಿಲ್ಲದ ಕಾರ್ಯಕ್ರಮಕ್ಕೆ ಚಿತ್ರದ ಚೌಕಟ್ಟನ್ನು ಬಿಡಲು ಷರತ್ತು ಬೇಕು. ಇವೆರಡೂ ತೋರಿಕೆಗೆ ಸಂಬಂಧಿಸಿದ ನಿರ್ಧಾರಗಳು. ಪಿಎಚ್‌ಪಿಯೇ ಸಾಕಷ್ಟು ಒಳ್ಳೆಯ ಟೆಂಪ್ಲೇಟ್ ಭಾಷೆಯಾಗಿರುವಾಗ ಅದರ ಮೇಲೆ ಇನ್ನೊಂದು ಟೆಂಪ್ಲೇಟ್ ಎಂಜಿನ್ ಹೇರುವುದರಿಂದ ಸಣ್ಣ ಮಾಡ್ಯೂಲ್‌ಗೆ ಭಾರ ಹೆಚ್ಚುತ್ತದೆಯೇ ಹೊರತು ಲಾಭವಿಲ್ಲ.

ಸರಿಯಾದ ಗೆರೆಯನ್ನು ಕಂಡುಕೊಳ್ಳಲು ಒಂದು ಪ್ರಶ್ನೆ ಸಾಕು: ನಾಳೆ ಬೇರೊಬ್ಬರು ಈ ಲೇಔಟ್ ಕಡತವನ್ನು ಪೂರ್ತಿಯಾಗಿ ತೆಗೆದು ತಮ್ಮದನ್ನು ಇಟ್ಟರೆ ಏನೇನು ಕಳೆದುಹೋಗುತ್ತದೆ? ನೋಟ ಮಾತ್ರ ಬದಲಾದರೆ ವಿಂಗಡಣೆ ಸರಿಯಿದೆ. ಅಪ್ರಕಟಿತ ಕಾರ್ಯಕ್ರಮಗಳು ಕಾಣಿಸಿಕೊಳ್ಳತೊಡಗಿದರೆ, ಅಥವಾ ನೋಂದಾಯಿತ ಸದಸ್ಯರಿಗಷ್ಟೇ ಮೀಸಲಾದ ಸಭೆಯ ವಿವರ ಎಲ್ಲರಿಗೂ ತೆರೆದುಕೊಂಡರೆ, ಹೆಲ್ಪರ್‌ನಲ್ಲಿರಬೇಕಿದ್ದ ತೀರ್ಮಾನವೊಂದು ಲೇಔಟ್‌ಗೆ ನುಸುಳಿದೆ ಎಂದರ್ಥ. ಲೇಔಟನ್ನು ಯಾರು ಬೇಕಾದರೂ ಓವರ್‌ರೈಡ್ ಮಾಡಬಹುದು. ಆದ್ದರಿಂದ ಪ್ರಕಟಣೆಯ ಸ್ಥಿತಿ, ಪ್ರವೇಶದ ಹಂತ, ಭಾಷೆ, ಸಂಖ್ಯೆಯ ಮಿತಿ ಇವೆಲ್ಲವೂ ಕ್ವೆರಿಯಲ್ಲೇ ಇತ್ಯರ್ಥವಾಗಬೇಕು.

ಹೆಲ್ಪರ್ ದತ್ತಾಂಶವನ್ನಷ್ಟೇ ಕೊಡಲಿ

ಕೆಲಸವನ್ನು ಹೆಲ್ಪರ್‌ನಿಂದ ಆರಂಭಿಸಿರಿ. ಅದರಲ್ಲಿ ಕೋನಾಕಾರದ ಆವರಣ ಚಿಹ್ನೆಗಳನ್ನು ಹುಡುಕಿ, ಎಚ್‌ಟಿಎಂಎಲ್ ಟ್ಯಾಗ್ ಸಿಕ್ಕಿದಲ್ಲೆಲ್ಲ ಗುರುತು ಹಾಕಿಕೊಳ್ಳಿರಿ. ದಪ್ಪಕ್ಷರದ ಟ್ಯಾಗಿನೊಳಗೆ ಸುತ್ತಿದ ಶೀರ್ಷಿಕೆ, ಕ್ಲಾಸ್ ಹೆಸರು ಸೇರಿಸಿದ ಕೊಂಡಿ, ‘ಇನ್ನಷ್ಟು ಓದಿ’ ಎಂಬ ಸಿದ್ಧ ಪದಗುಚ್ಛ ಯಾವುದೂ ಅಲ್ಲಿ ಉಳಿಯಬಾರದು. ಹೆಲ್ಪರ್ ಹಿಂತಿರುಗಿಸಬೇಕಾದದ್ದು ವಸ್ತುಗಳ ಅರೇ ಮಾತ್ರ, ಮತ್ತು ಪ್ರತಿ ವಸ್ತುವಿನಲ್ಲಿ ಶೀರ್ಷಿಕೆ, ಕೊಂಡಿಯ ವಿಳಾಸ, ಆರಂಭದ ಸಮಯ, ಸ್ಥಳ, ಸಾರಾಂಶ ಇವು ಬರಿಯ ಮೌಲ್ಯಗಳಾಗಿ ಇರಬೇಕು. ಡಿಸ್ಪ್ಯಾಚರ್‌ನಲ್ಲಿ ಲೇಔಟ್ ದತ್ತಾಂಶವನ್ನು ಒದಗಿಸುವ ವಿಧಾನವಿದ್ದು, ಹೆಲ್ಪರನ್ನು ಅಲ್ಲಿಂದ ಕರೆದು, ಬಂದ ಅರೇಯನ್ನು ಒಂದು ಹೆಸರಿನಡಿ ಸೇರಿಸಿದರೆ ಅದು ಲೇಔಟ್ ಕಡತಕ್ಕೆ ಅದೇ ಹೆಸರಿನ ಚರವಾಗಿ ತಲುಪುತ್ತದೆ.

ದಿನಾಂಕದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಜೂಮ್ಲಾ ಸಮಯವನ್ನು ಯುಟಿಸಿಯಲ್ಲಿ ಉಳಿಸುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹೆಲ್ಪರ್‌ನಲ್ಲೇ ಆತುರವಾಗಿ ದಿನಾಂಕವನ್ನು ಅಕ್ಷರರೂಪಕ್ಕೆ ತಿರುಗಿಸಿದರೆ ಬೆಳಗ್ಗೆ 10 ಗಂಟೆಯ ಕಾರ್ಯಕ್ರಮ 4:30ಕ್ಕೆ ಎಂದು ಕಾಣಿಸಿಕೊಳ್ಳುವುದುಂಟು, ನಸುಕಿನ ಕಾರ್ಯಕ್ರಮವಾದರೆ ಹಿಂದಿನ ದಿನಕ್ಕೇ ಜಾರುತ್ತದೆ. ಹೆಲ್ಪರ್ ಮೂಲ ಮೌಲ್ಯವನ್ನು ಹಾಗೆಯೇ ಕೊಡಲಿ. ಲೇಔಟ್‌ನಲ್ಲಿ ಜೂಮ್ಲಾದ ದಿನಾಂಕ ಸಹಾಯಕವನ್ನು ಬಳಸಿದರೆ ಸಮಯವಲಯದ ಹೊಂದಾಣಿಕೆಯೂ ಆಗುತ್ತದೆ, ತಿಂಗಳನ್ನು ಅಂಕಿಯಲ್ಲಿ ತೋರಿಸಬೇಕೋ ಹೆಸರಿನಲ್ಲಿ ತೋರಿಸಬೇಕೋ ಎಂಬ ಆಯ್ಕೆಯೂ ವಿನ್ಯಾಸಗಾರರಿಗೆ ಉಳಿಯುತ್ತದೆ.

ಹೆಲ್ಪರ್ ಹೀಗೆ ಶುದ್ಧವಾದ ಮೇಲೆ ಇನ್ನೊಂದು ಅನುಕೂಲ ತಾನಾಗಿ ಒದಗುತ್ತದೆ. ಜೂಮ್ಲಾದ ಅಜಾಕ್ಸ್ ಕಾಂಪೊನೆಂಟ್ ಮೂಲಕ ಅದೇ ದತ್ತಾಂಶವನ್ನು ಜೇಸನ್ ರೂಪದಲ್ಲಿ ಪಡೆದು ಬೇರೆ ಪುಟದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಬಳಸಬಹುದು. ವಿಶೇಷ ಚಿಹ್ನೆಗಳನ್ನು ನಿರಪಾಯಗೊಳಿಸುವ ಎಸ್ಕೇಪಿಂಗ್ ಕೆಲಸವನ್ನು ಹೆಲ್ಪರ್‌ನಲ್ಲಿ ಮಾಡಬಾರದು ಎನ್ನುವುದಕ್ಕೂ ಇದೇ ಕಾರಣ: ಅದು ಔಟ್‌ಪುಟ್‌ನ ರೂಪವನ್ನು ಅವಲಂಬಿಸಿದ್ದು, ಎಚ್‌ಟಿಎಂಎಲ್‌ಗೆ ತಕ್ಕದ್ದು ಜೇಸನ್‌ಗೆ ತಕ್ಕುದಲ್ಲ.

ಲೇಔಟ್ ಬರೆಯುವಾಗ

ಟಿಎಂಪಿಎಲ್ ಕೋಶದಲ್ಲಿ ಡಿಫಾಲ್ಟ್ ಎಂಬ ಪಿಎಚ್‌ಪಿ ಕಡತವನ್ನು ತೆರೆದು, ಮೊದಲು ಪಟ್ಟಿ ಖಾಲಿಯಿದ್ದರೆ ಏನು ತೋರಿಸಬೇಕೆಂದು ಬರೆಯಿರಿ. ಇದನ್ನು ಕೊನೆಗೆ ಬಿಟ್ಟವರು ಮರೆಯುವುದೇ ಹೆಚ್ಚು. ಅನಂತರ ಲೂಪ್. ಮುದ್ರಿಸುವ ಪ್ರತಿ ಮೌಲ್ಯವನ್ನೂ ಅಲ್ಲೇ ಎಸ್ಕೇಪ್ ಮಾಡಬೇಕು. ಪುಟದ ಮುಖ್ಯ ಭಾಗವನ್ನು ಕಟ್ಟುವ ಕಾಂಪೊನೆಂಟ್‌ಗಳ ಲೇಔಟ್‌ನಲ್ಲಿ ಸಿಗುವ ಎಸ್ಕೇಪ್ ವಿಧಾನ ಮಾಡ್ಯೂಲ್ ಲೇಔಟ್‌ನಲ್ಲಿ ಇರುವುದಿಲ್ಲ, ಏಕೆಂದರೆ ಅದರ ಹಿಂದೆ ವ್ಯೂ ಕ್ಲಾಸ್ ಇಲ್ಲ. ಆದ್ದರಿಂದ ಪಿಎಚ್‌ಪಿಯ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್ನನ್ನೇ ನೇರವಾಗಿ ಬಳಸಬೇಕಾಗುತ್ತದೆ. ಓದುಗರ ಕಣ್ಣಿಗೆ ಬೀಳುವ ಸ್ಥಿರ ಪದಗಳನ್ನು ಭಾಷಾ ಕಡತಕ್ಕೆ ವರ್ಗಾಯಿಸಿ, ಲೇಔಟ್‌ನಲ್ಲಿ ಅವುಗಳ ಕೀಲಿಪದವನ್ನಷ್ಟೇ ಇರಿಸಿದರೆ ಕನ್ನಡ, ಇಂಗ್ಲಿಷ್ ಎರಡಕ್ಕೂ ಒಂದೇ ಲೇಔಟ್ ಸಾಕು.

ಕನ್ನಡದ ತಾಣಗಳಲ್ಲಿ ಪದೇಪದೇ ಎದುರಾಗುವ ತೊಡಕೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾರಾಂಶವನ್ನು ಇಂತಿಷ್ಟು ಅಕ್ಷರಕ್ಕೆ ಕತ್ತರಿಸುವ ಸಾಲು ಬಹುತೇಕ ಹಳೆಯ ಹೆಲ್ಪರ್‌ಗಳಲ್ಲಿ ಇರುತ್ತದೆ. ಪಿಎಚ್‌ಪಿಯ ಸಬ್‌ಸ್ಟ್ರ್ ಫಂಕ್ಷನ್ ಬೈಟ್‌ಗಳನ್ನು ಎಣಿಸುತ್ತದೆ, ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ‘ರಾಷ್ಟ್ರ’ ಎಂಬ ಪದ ಕಣ್ಣಿಗೆ ಎರಡೇ ಅಕ್ಷರವಾಗಿ ಕಂಡರೂ ಅದರಲ್ಲಿ 7 ಸಂಕೇತಗಳೂ 21 ಬೈಟ್‌ಗಳೂ ಇವೆ. ಬೈಟ್ ಲೆಕ್ಕದಲ್ಲಿ ನಡುವೆ ಕತ್ತರಿಸಿದರೆ ಪುಟದಲ್ಲಿ ಪ್ರಶ್ನೆಗುರುತಿನ ಚೌಕ ಮೂಡುತ್ತದೆ. ಸಂಕೇತಗಳನ್ನು ಎಣಿಸುವ ಎಂಬಿ ಸಬ್‌ಸ್ಟ್ರ್ ಬಳಸಿ ನಾಲ್ಕನೆಯದಕ್ಕೆ ನಿಲ್ಲಿಸಿದರೆ ಒತ್ತಕ್ಷರ ಕಳಚಿ ‘ರಾಷ್’ ಉಳಿಯುತ್ತದೆ. ಎಷ್ಟು ಸಾಲು ಕಾಣಬೇಕು ಎಂಬುದು ಮೂಲತಃ ನೋಟದ ಪ್ರಶ್ನೆಯಾದ್ದರಿಂದ ಅದನ್ನು ಕೋಡ್‌ನಿಂದ ತೆಗೆದು, ಸಿಎಸ್‌ಎಸ್‌ನ ಲೈನ್ ಕ್ಲ್ಯಾಂಪ್ ಗುಣಕ್ಕೆ ಒಪ್ಪಿಸುವುದು ಒಳ್ಳೆಯದು. ಆಗ ಬ್ರೌಸರ್ ತಾನು ಜೋಡಿಸಿದ ಸಾಲುಗಳ ಲೆಕ್ಕದಲ್ಲೇ ಮರೆಮಾಡುತ್ತದೆ, ಪೂರ್ಣ ಪಠ್ಯವೂ ಪುಟದಲ್ಲಿ ಉಳಿದಿರುತ್ತದೆ. ಸಾರಾಂಶ ತೀರಾ ಉದ್ದವಾಗಿ ಕೋಡ್‌ನಲ್ಲೇ ಮಿತಿ ಹಾಕಬೇಕಾದಲ್ಲಿ ಪದಗಳ ನಡುವಿನ ತೆರಪಿನಲ್ಲಿ ಮಾತ್ರ ಕತ್ತರಿಸಿರಿ.

ಇದೇ ಬಗೆಯಲ್ಲಿ, ಕೆಳಗಿಳಿಯುವ ಒತ್ತಕ್ಷರಗಳಿಗಾಗಿ ಕನ್ನಡ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚಿನ ಅಂತರ ಬೇಕಾಗುತ್ತದೆ. ಅದಕ್ಕಾಗಿ ಭಾಷೆ ಯಾವುದೆಂದು ಪಿಎಚ್‌ಪಿಯಲ್ಲಿ ಪರೀಕ್ಷಿಸುವ ಅಗತ್ಯವಿಲ್ಲ. ಪುಟದ ಭಾಷೆಯನ್ನು ಗುರುತಿಸುವ ಆಯ್ಕೆಸೂತ್ರ ಸಿಎಸ್‌ಎಸ್‌ನಲ್ಲೇ ಇದೆ.

ಸ್ಟೈಲ್ ಕಡತಗಳ ಜಾಗ

ಲೇಔಟ್‌ನೊಳಗೆ ಸ್ಟೈಲ್ ಟ್ಯಾಗ್ ಬರೆಯುವುದನ್ನಾಗಲಿ, ಪ್ರತಿ ಅಂಶಕ್ಕೂ ಬಣ್ಣವನ್ನು ಅಂಟಿಸುವುದನ್ನಾಗಲಿ ಮಾಡಬೇಡಿರಿ. ಸಿಎಸ್‌ಎಸ್ ಕಡತವನ್ನು ಮೀಡಿಯಾ ಕೋಶದಲ್ಲಿ ಮಾಡ್ಯೂಲ್‌ನ ಹೆಸರಿನಡಿ ಇರಿಸಿ, ಜೂಮ್ಲಾ 4ರಿಂದ ಲಭ್ಯವಿರುವ, ಸ್ಟೈಲ್ ಮತ್ತು ಸ್ಕ್ರಿಪ್ಟ್ ಕಡತಗಳನ್ನು ನಿರ್ವಹಿಸುವ ವೆಬ್ ಅಸೆಟ್ ಮ್ಯಾನೇಜರ್ ಮೂಲಕ ನೋಂದಾಯಿಸಿರಿ. ಕಾಂಪೊನೆಂಟ್ ಮತ್ತು ಟೆಂಪ್ಲೇಟ್‌ಗಳ ಅಸೆಟ್ ಪಟ್ಟಿಯನ್ನು ಜೂಮ್ಲಾ ತಾನಾಗಿ ಓದಿಕೊಳ್ಳುತ್ತದೆ. ಮಾಡ್ಯೂಲ್‌ನದನ್ನು ನಾವೇ ಸೇರಿಸಬೇಕು. ಸ್ಟೈಲನ್ನು ಕರೆಯುವ ಸಾಲನ್ನು ಡಿಸ್ಪ್ಯಾಚರ್‌ನಲ್ಲಿ ಇಡುವವರಿದ್ದಾರೆ, ಆದರೆ ಲೇಔಟ್ ಕಡತದ ಮೇಲ್ಭಾಗವೇ ಅದಕ್ಕೆ ಸರಿಯಾದ ಜಾಗ ಎಂಬುದು ನನ್ನ ಅಭಿಪ್ರಾಯ. ಹಾಗಿದ್ದಲ್ಲಿ ಲೇಔಟನ್ನು ಬದಲಿಸಿದವರು ಹಳೆಯ ಸ್ಟೈಲನ್ನೂ ತೊರೆಯಬಲ್ಲರು. ಸಿಎಸ್‌ಎಸ್ ಒಂದನ್ನೇ ಬದಲಿಸಬೇಕಿದ್ದರೆ ಲೇಔಟನ್ನು ಮುಟ್ಟಬೇಕಾಗಿಯೂ ಇಲ್ಲ: ಸಾಪೇಕ್ಷ ದಾರಿಯಿಂದ ಕರೆದ ಕಡತವನ್ನು ಜೂಮ್ಲಾ ಮೊದಲು ಟೆಂಪ್ಲೇಟ್‌ನ ಸಿಎಸ್‌ಎಸ್ ಕೋಶದೊಳಗೆ, ಮಾಡ್ಯೂಲ್ ಹೆಸರಿನ ಉಪಕೋಶದಲ್ಲಿ ಹುಡುಕುತ್ತದೆ.

ಮಾಡ್ಯೂಲ್‌ನ ಹೊರಕವಚ, ಅಂದರೆ ಅದರ ಸುತ್ತಲಿನ ಪೆಟ್ಟಿಗೆ ಮತ್ತು ತಲೆಬರಹ, ಮಾಡ್ಯೂಲ್‌ಗೆ ಸೇರಿದ್ದೇ ಅಲ್ಲ. ಅದು ಟೆಂಪ್ಲೇಟ್‌ನ ಕ್ರೋಮ್ ಎಂಬ ಭಾಗದ ಹೊಣೆ. ಲೇಔಟ್‌ನಲ್ಲೂ ತಲೆಬರಹ ಮುದ್ರಿಸಿದರೆ ಅದು ಎರಡು ಸಲ ಕಾಣುತ್ತದೆ.

ಹಿನ್ನೆಲೆಯ ಬಣ್ಣ, ಅಕ್ಷರದ ಗಾತ್ರ, ಅಂಚಿನ ದುಂಡು ಎಂದು ಮಾಡ್ಯೂಲ್‌ನ ಆಯ್ಕೆಪುಟದಲ್ಲಿ ಹತ್ತಾರು ಪೆಟ್ಟಿಗೆಗಳನ್ನು ಕೊಡುವ ಅಭ್ಯಾಸವೂ ಬಹಳ ಕಡೆ ಇದೆ. ಗ್ರಾಹಕರಿಗೆ ಅದು ಉದಾರತೆಯಂತೆ ತೋರಬಹುದು. ಆದರೆ ವಿನ್ಯಾಸ ಈಗ ಕೋಡ್‌ನಿಂದ ಡೇಟಾಬೇಸ್‌ಗೆ ಸ್ಥಳಾಂತರಗೊಂಡಿತೇ ಹೊರತು ಬೇರ್ಪಡಲಿಲ್ಲ, ಮತ್ತು ತಾಣದ ಬಣ್ಣಗಳನ್ನು ಒಟ್ಟಾಗಿ ಬದಲಿಸುವ ದಿನ ಪ್ರತಿ ಮಾಡ್ಯೂಲನ್ನೂ ತೆರೆದು ತಿದ್ದಬೇಕಾಗುತ್ತದೆ. ಎಷ್ಟು ಕಾರ್ಯಕ್ರಮ, ಯಾವ ವಿಭಾಗ, ಯಾವ ಅನುಕ್ರಮ ಎಂಬವು ಆಯ್ಕೆಪುಟಕ್ಕೆ ಸಾಕು. ನೋಟಕ್ಕಾಗಿ ಕ್ಲಾಸ್ ಹೆಸರಿನ ಪೆಟ್ಟಿಗೆ ಒಂದಿರಲಿ.

ಪರ್ಯಾಯ ಲೇಔಟ್ ಮತ್ತು ಓವರ್‌ರೈಡ್

ಒಂದೇ ದತ್ತಾಂಶವನ್ನು ಮುಖಪುಟದಲ್ಲಿ ಕಾರ್ಡ್‌ಗಳಾಗಿ, ಒಳಪುಟದಲ್ಲಿ ಪಟ್ಟಿಯಾಗಿ ತೋರಿಸಬೇಕಾದಾಗ ಮಾಡ್ಯೂಲನ್ನು ನಕಲು ಮಾಡಬಾರದು. ಟಿಎಂಪಿಎಲ್ ಕೋಶದಲ್ಲಿ ಇನ್ನೊಂದು ಲೇಔಟ್ ಕಡತವನ್ನು ಸೇರಿಸಿ, ಮಾಡ್ಯೂಲ್‌ನ ವಿವರಗಳನ್ನು ಹೇಳುವ ಮ್ಯಾನಿಫೆಸ್ಟ್ ಕಡತದಲ್ಲಿ ಮಾಡ್ಯೂಲ್‌ಲೇಔಟ್ ಬಗೆಯ ಆಯ್ಕೆಯನ್ನು ಘೋಷಿಸಿದರೆ, ನಿರ್ವಾಹಕರಿಗೆ ಎರಡರಲ್ಲಿ ಒಂದನ್ನು ಆರಿಸುವ ಪಟ್ಟಿ ಸಿಗುತ್ತದೆ. ಹೆಸರಿನಲ್ಲಿ ಅಡಿಗೆರೆ ಇರುವ ಕಡತ ಆ ಪಟ್ಟಿಯಲ್ಲಿ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು; ಅಡಿಗೆರೆಯ ಹೆಸರುಗಳು ಉಪಲೇಔಟ್‌ಗಳಿಗೆ ಮೀಸಲು.

ಬೇರೆಯವರು ಬರೆದ ಮಾಡ್ಯೂಲ್‌ನ ನೋಟ ಬದಲಿಸಲು ಮೂಲ ಕಡತವನ್ನು ತಿದ್ದಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. ನಿರ್ವಾಹಕ ಪುಟದ ಸಿಸ್ಟಮ್ ವಿಭಾಗದಲ್ಲಿ ಸೈಟ್ ಟೆಂಪ್ಲೇಟ್‌ಗಳನ್ನು ತೆರೆದು, ಓವರ್‌ರೈಡ್ ರಚಿಸುವ ಟ್ಯಾಬ್‌ನಲ್ಲಿ ಮಾಡ್ಯೂಲ್ ಹೆಸರನ್ನು ಒತ್ತಿದರೆ, ಅದರ ಲೇಔಟ್‌ಗಳ ಪ್ರತಿ ಟೆಂಪ್ಲೇಟ್‌ನ ಎಚ್‌ಟಿಎಂಎಲ್ ಕೋಶದೊಳಗೆ ಬಂದು ಕೂರುತ್ತದೆ. ಪುಟ ಕಟ್ಟುವಾಗ ಜೂಮ್ಲಾ ಅಲ್ಲಿ ಮೊದಲು ನೋಡಿ, ಸಿಗದಿದ್ದರೆ ಮಾತ್ರ ಮಾಡ್ಯೂಲ್‌ನ ಸ್ವಂತ ಕಡತಕ್ಕೆ ಹೋಗುತ್ತದೆ. 4.1ನೇ ಆವೃತ್ತಿಯಿಂದ ಮೂಲ ಟೆಂಪ್ಲೇಟನ್ನು ಆಧರಿಸಿದ ಚೈಲ್ಡ್ ಟೆಂಪ್ಲೇಟ್‌ಗೂ ಅವಕಾಶವಿರುವುದರಿಂದ ಓವರ್‌ರೈಡ್‌ಗಳನ್ನು ಅದರಲ್ಲಿಟ್ಟುಕೊಳ್ಳುವುದು ಲೇಸು.

ಈ ಅನುಕೂಲಕ್ಕೆ ಒಂದು ಬೆಲೆಯೂ ಇದೆ. ಓವರ್‌ರೈಡ್ ಎಂಬುದು ಆ ದಿನದ ನಕಲು. ಮೂಲ ಲೇಔಟ್‌ನಲ್ಲಿ ಮುಂದೆ ಭದ್ರತೆಯ ದೋಷವೊಂದು ಸರಿಯಾದರೂ ಆ ತಿದ್ದುಪಡಿ ನಕಲಿಗೆ ತಲುಪುವುದಿಲ್ಲ. ಆದ್ದರಿಂದ ಬೇಕಾದ ಕಡತವನ್ನಷ್ಟೇ ಉಳಿಸಿಕೊಂಡು, ತಿದ್ದದ ಪ್ರತಿಗಳನ್ನು ಓವರ್‌ರೈಡ್ ಕೋಶದಿಂದ ತೆಗೆದುಹಾಕಿರಿ. ಓವರ್‌ರೈಡ್‌ನ ಮೂಲ ಕಡತ ಬದಲಾದಾಗ ಜೂಮ್ಲಾ 4 ಮತ್ತು 5 ನಿರ್ವಾಹಕ ಪುಟದಲ್ಲೇ ಸೂಚನೆ ಕೊಡುತ್ತವೆ. ಟೆಂಪ್ಲೇಟ್ ಸಂಪಾದನೆಯ ಪುಟದಲ್ಲಿ ಎರಡೂ ಕಡತಗಳ ವ್ಯತ್ಯಾಸವನ್ನು ಹೋಲಿಸಿ ನೋಡಬಹುದು. ಅಪ್‌ಡೇಟ್ ಆದ ಪ್ರತಿ ಸಲವೂ ಹಾಗೆ ಹೋಲಿಸಿ, ಅಗತ್ಯವಾದ ಸಾಲುಗಳನ್ನು ನಕಲಿಗೆ ಸೇರಿಸಿದ ಮೇಲಷ್ಟೇ ಆ ಸೂಚನೆಯನ್ನು ಪರಿಶೀಲಿತವೆಂದು ಗುರುತಿಸಿರಿ.