ಬ್ರೆಡ್ ಕಂದು ಬಣ್ಣ ಇದ್ದ ಮಾತ್ರಕ್ಕೆ ನಾರು ಇದೆ ಅಂತಲ್ಲ, ಪ್ಯಾಕೆಟ್ ತಿರುಗಿಸಿ ಓದಿ

ದೊಡ್ಡ ಕರುಳಿನ ಕ್ಯಾನ್ಸರ್ ತಡೆಯೋಕೆ ಏನ್ ತಿನ್ಬೇಕು ಅಂತ ಕೇಳೋರಿಗೆ ನಾನು ಮೊದಲು ಹೇಳೋದು ಇಡೀ ಧಾನ್ಯ, ಅಂದ್ರೆ ತವುಡು ತೆಗೆಯದ, ನಾರು ಹಾಗೇ ಉಳಿದಿರೋ ಧಾನ್ಯ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ, ಹಲವಾರು ಸ್ಟಡಿಗಳನ್ನ ಒಟ್ಟಿಗೆ ಸೇರಿಸಿ ನೋಡಿದ್ದು, ಅದ್ರಲ್ಲಿ ದಿನಕ್ಕೆ 10 ಗ್ರಾಂ ನಾರು ಜಾಸ್ತಿ ತಿನ್ನೋರಿಗೆ ರಿಸ್ಕ್ ಸುಮಾರು 10% ಕಮ್ಮಿ ಕಂಡಿತ್ತು, ಅದೂ ಧಾನ್ಯದ ನಾರಿನಲ್ಲಿ ಸ್ಪಷ್ಟವಾಗಿ, ಹಣ್ಣು ತರಕಾರಿ ನಾರಿನಲ್ಲಿ ಅಷ್ಟು ಸ್ಪಷ್ಟ ಇರ್ಲಿಲ್ಲ (ಹಾಗಂತ ಅವನ್ನ ಬಿಡ್ಬೇಡಿ ದಯವಿಟ್ಟು). ಕರುಳಿನ ಬ್ಯಾಕ್ಟೀರಿಯಾಗಳು ಈ ನಾರನ್ನ ಹುಳಿಯಿಸಿ ಬ್ಯುಟಿರೇಟ್ ಅನ್ನೋದನ್ನ ಮಾಡ್ತವೆ, ಕರುಳಿನ ಒಳಪದರದ ಕೋಶಗಳಿಗೆ ಅದೇ ಊಟ, ಜೊತೆಗೆ ಮಲ ಬೇಗ ಮುಂದೆ ಹೋಗೋದ್ರಿಂದ ಹಾನಿಕಾರಕ ವಸ್ತುಗಳು ಅಲ್ಲಿ ಜಾಸ್ತಿ ಹೊತ್ತು ಕೂರಲ್ಲ.

ಅಂಗಡೀಲಿ ಬಣ್ಣ ನೋಡಿ ಮೋಸ ಹೋಗ್ಬೇಡಿ, ಕ್ಯಾರಮೆಲ್ ಹಾಕಿದ್ರೆ ಮೈದಾ ಬ್ರೆಡ್ ಕೂಡ ಕಂದು ಆಗುತ್ತೆ. ಪದಾರ್ಥಗಳ ಪಟ್ಟೀಲಿ ಮೊದಲ ಹೆಸರೇ ಇಡೀ ಗೋಧಿ ಅಥವಾ ಓಟ್ಸ್ ಇರ್ಬೇಕು, ಆಮೇಲೆ 100 ಗ್ರಾಂಗೆ ಫೈಬರ್ (ಅಂದ್ರೆ ನಾರು) 6 ಗ್ರಾಂ ಅಥವಾ ಜಾಸ್ತಿ ಇದ್ರೆ ಧೈರ್ಯವಾಗಿ ತಗೊಳ್ಳಿ.

ಒಂದೇ ದಿನ ಎಲ್ಲಾ ಬದಲಾಯಿಸಿದ್ರೆ ಹೊಟ್ಟೆ ಉಬ್ಬರಿಸುತ್ತೆ, ಗ್ಯಾಸ್ ಆಗುತ್ತೆ, ಅದಕ್ಕೆ ನಿಧಾನಕ್ಕೆ ಜಾಸ್ತಿ ಮಾಡಿ, ನೀರು ಚೆನ್ನಾಗಿ ಕುಡೀರಿ. ಕರುಳಿನ ಕಾಯಿಲೆ ಮೊದಲೇ ಇರೋರು ಡಾಕ್ಟರ್‌ನ ಕೇಳಿನೇ ಶುರು ಮಾಡಿ. ಮಲದಲ್ಲಿ ರಕ್ತ ಕಂಡ್ರೆ, ಅಥವಾ ಮನೇಲಿ ಯಾರಿಗಾದ್ರೂ ಈ ಕ್ಯಾನ್ಸರ್ ಆಗಿದ್ರೆ, ಓಟ್ಸ್ ತಿಂತಾ ಕೂರದೆ ಮೊದಲು ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ.