ಬ್ರಿಟನ್ನಿಗೆ ಹೊಸದಾಗಿ ಬಂದಿದ್ದೀರಾ? ಭಾನುವಾರ ರೇಡಿಯೊ ಹಾಕಿಡಿ

ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲರೂ ಬ್ಯಾಂಕ್ ಖಾತೆ, ಬಾಡಿಗೆ ಮನೆ, ಜಿಪಿ (ಮನೆ ಹತ್ತಿರದ ಡಾಕ್ಟರ್) ನೋಂದಣಿ ಬಗ್ಗೆ ಕೇಳುತ್ತಾರೆ. ಅದನ್ನು ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಭಾನುವಾರದ ಬಗ್ಗೆ.

ವಾರದ ಉಳಿದ ದಿನ ಕೆಲಸದಲ್ಲಿ ಹೇಗೋ ಕಳೆಯುತ್ತದೆ. ಭಾನುವಾರ ಮಾತ್ರ ಮನೆ ಬಿಕೋ ಅನ್ನುತ್ತದೆ. ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಅವತ್ತು ಆರು ಗಂಟೆ ಕಾಲ ಮಾತ್ರ ತೆರೆದಿರಬಹುದು ಎಂದು 1994ರ ಕಾನೂನು ಇದೆ. ಹಾಗಾಗಿ ಬಹಳ ಕಡೆ ಸಂಜೆ ನಾಲ್ಕಕ್ಕೇ ಬಾಗಿಲು ಹಾಕುತ್ತಾರೆ. ಡಿಸೆಂಬರಿನಲ್ಲಿ ಅಷ್ಟೊತ್ತಿಗೆ ಕತ್ತಲೂ ಆಗಿರುತ್ತದೆ. ನನ್ನ ಮೊದಲ ಚಳಿಗಾಲದಲ್ಲಿ ಶುಕ್ರವಾರ ಸಂಜೆ ಆಡಿದ ಮಾತಿನ ನಂತರ ಸೋಮವಾರ ಬೆಳಗ್ಗೆಯವರೆಗೆ ಒಬ್ಬರ ದನಿಯೂ ಕಿವಿಗೆ ಬೀಳುತ್ತಿರಲಿಲ್ಲ. ಆಗ ಚಾರಿಟಿ ಅಂಗಡಿಯಿಂದ ಒಂದು ಹಳೇ ರೇಡಿಯೊ ತಂದು ಅಡುಗೆಮನೆ ಕಿಟಕಿಯಲ್ಲಿಟ್ಟೆ. ಇವತ್ತಿಗೂ ಅದೇ ಜಾಗದಲ್ಲಿ ರೇಡಿಯೊ ಇದೆ.

ಮೊದಲು ಖರ್ಚಿನ ಮಾತು. ಟಿವಿ ಲೈಸೆನ್ಸ್ ಅಂತ ಮನೆಗೆ ಕಾಗದ ಬಂದಾಗ ಹೊಸಬರು ಗಾಬರಿ ಬೀಳುತ್ತಾರೆ. ಟಿವಿಯಲ್ಲಿ ನೇರ ಪ್ರಸಾರ ನೋಡುವುದಕ್ಕೆ, ಬಿಬಿಸಿಯ ಐಪ್ಲೇಯರ್ ಆ್ಯಪಿನಲ್ಲಿ ಕಾರ್ಯಕ್ರಮ ನೋಡುವುದಕ್ಕೆ ಅದು ಬೇಕು. ರೇಡಿಯೊಗೆ ಬೇಡ. ರೇಡಿಯೊ ಲೈಸೆನ್ಸ್ 1971ರಲ್ಲೇ ರದ್ದಾಯಿತು. ಎಫ್ಎಂನಲ್ಲಿ 92ರಿಂದ 95ರ ನಡುವೆ ತಿರುಗಿಸಿದರೆ ಬಿಬಿಸಿಯ ರೇಡಿಯೊ 4 ಸ್ಟೇಷನ್ ಸಿಗುತ್ತದೆ. ಫೋನಿನಲ್ಲಿ ಬಿಬಿಸಿ ಸೌಂಡ್ಸ್ ಆ್ಯಪ್ ಹಾಕಿಕೊಂಡರೆ ತಪ್ಪಿಹೋದದ್ದನ್ನೂ ಕೇಳಬಹುದು.

ಬೇರೆ ಸ್ಟೇಷನ್‌ಗಳೂ ಇವೆ. ಫುಟ್‌ಬಾಲ್ ಬೇಕಾದವರಿಗೆ 5 ಲೈವ್. ಆದರೆ ನಾನು ರೇಡಿಯೊ 4 ಅನ್ನೇ ಹೇಳುತ್ತೇನೆ. ಅಲ್ಲಿ ಹಾಡಿಗಿಂತ ಮಾತೇ ಜಾಸ್ತಿ. ಭಾನುವಾರ ಒಂದು ದಿನಕ್ಕೆ ಎಷ್ಟು ಬಗೆಯ ಮಾತು ಬರುತ್ತದೆ ಎಂದರೆ, ಈ ದೇಶವೇ ನಿಮ್ಮ ಅಡುಗೆಮನೆಗೆ ಬಂದು ಕೂತ ಹಾಗಿರುತ್ತದೆ.

ಬೇಗ ಏಳುವವರಾದರೆ ಆರಕ್ಕೂ ಮೊದಲೇ ಯಾವುದೋ ಊರಿನ ಚರ್ಚಿನ ಗಂಟೆಗಳು ಕೇಳುತ್ತವೆ. ಆಮೇಲೆ ಒಂದು ಹೊಲದ ಕಥೆ, ಧರ್ಮಗಳ ಸುದ್ದಿ, ಪ್ರಾರ್ಥನೆ. ಎಂಟಕ್ಕೆ ಸ್ವಲ್ಪ ಮುಂಚೆ ಯಾವುದಾದರೂ ಒಂದು ಸೇವಾ ಸಂಸ್ಥೆಗಾಗಿ ಮೂರು ನಿಮಿಷದ ಮನವಿ ಇರುತ್ತದೆ. ಎಂಟೂ ಮುಕ್ಕಾಲರ ಸುಮಾರಿಗೆ ಬರುವ 'ಎ ಪಾಯಿಂಟ್ ಆಫ್ ವ್ಯೂ' ಮಾತ್ರ ಬಿಡಬೇಡಿ. ಒಬ್ಬರೇ ಕೂತು ಹತ್ತು ನಿಮಿಷ ಒಂದು ವಿಚಾರದ ಬಗ್ಗೆ ಮಾತಾಡುತ್ತಾರೆ. ನಮ್ಮ ಆಕಾಶವಾಣಿಯ 'ಚಿಂತನ' ಕೇಳಿ ಬೆಳೆದವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಅದರ ಹಿಂದೆಯೇ ಒಂದು ಹಕ್ಕಿಯ ಕೂಗು, ಅದರ ಬಗ್ಗೆ ನಾಲ್ಕು ಮಾತು. ನಮ್ಮ ಹಿತ್ತಲ ಬೇಲಿ ಮೇಲೆ ಕೂತು ಸಂಜೆ ಹಾಡುತ್ತಿದ್ದ ಕಪ್ಪು ಹಕ್ಕಿಗೆ ಬ್ಲ್ಯಾಕ್‌ಬರ್ಡ್ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ಹೀಗೆ. ಹೆಸರು ಗೊತ್ತಾದ ಮೇಲೆ ಆ ಹಿತ್ತಲು ಸ್ವಲ್ಪ ನನ್ನದೇ ಅನ್ನಿಸಿತು.

ಒಂಬತ್ತಕ್ಕೆ ಸುದ್ದಿ, ನಂತರ ಭಾನುವಾರದ ಪತ್ರಿಕೆಗಳ ಬಗ್ಗೆ ಹರಟೆ. ದೋಸೆ ಹುಯ್ಯುತ್ತಾ ಕೇಳಿದರೆ ಸೋಮವಾರ ಆಫೀಸಿನಲ್ಲಿ ಏನು ಮಾತು ಬರುತ್ತದೆ ಎಂದು ಗೊತ್ತಾಗಿಬಿಡುತ್ತದೆ.

ಹತ್ತರಿಂದ ಮಧ್ಯಾಹ್ನದ ತನಕ ಎರಡು ದೊಡ್ಡ ಕಾರ್ಯಕ್ರಮಗಳು. ಒಂದು 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್'. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ರಾಯ್ ಪ್ಲಮ್ಲಿ ಎಂಬವರು ಶುರುಮಾಡಿದ್ದು. ಯಾರೂ ಇಲ್ಲದ ದ್ವೀಪಕ್ಕೆ ನಿಮ್ಮನ್ನು ಕಳಿಸಿದರೆ ಯಾವ ಎಂಟು ಹಾಡು, ಯಾವ ಒಂದು ಪುಸ್ತಕ, ಯಾವ ಒಂದು ಇಷ್ಟದ ವಸ್ತು ಒಯ್ಯುತ್ತೀರಿ ಎಂದು ಅತಿಥಿಗೆ ಕೇಳುತ್ತಾರೆ. ಹಾಡಿನ ನೆಪದಲ್ಲಿ ಇಡೀ ಬದುಕು ಹೊರಗೆ ಬರುತ್ತದೆ. ಮನೆ ಬಿಟ್ಟು ಬಂದ ನಮಗೆ ಆ ಪ್ರಶ್ನೆ ಬೇರೆ ಥರ ತಟ್ಟುತ್ತದೆ, ಅಲ್ವಾ? ಒಂದು ಸಂಜೆ ಮನೆಯವರೆಲ್ಲ ಕೂತು ನಿಮ್ಮ ನಿಮ್ಮ ಎಂಟು ಹಾಡು ಬರೆದು ನೋಡಿ.

ಇನ್ನೊಂದು 'ದಿ ಆರ್ಚರ್ಸ್'. ಆಂಬ್ರಿಡ್ಜ್ ಎಂಬ ಕಲ್ಪನೆಯ ಹಳ್ಳಿಯ ಧಾರಾವಾಹಿ. 1951ರ ಜನವರಿ 1ರಿಂದ ದೇಶಕ್ಕೆಲ್ಲ ಕೇಳಿಸತೊಡಗಿತು. ಯುದ್ಧ ಮುಗಿದಿದ್ದರೂ ಆಗ ಇಲ್ಲಿ ಆಹಾರಕ್ಕೆ ರೇಷನ್ ಇತ್ತು. ರೈತರಿಗೆ ಹೊಸ ಪದ್ಧತಿ ತಿಳಿಸಬೇಕಿತ್ತು. ಅದನ್ನು ಕಥೆಯಲ್ಲಿ ಸೇರಿಸಿ ಹೇಳಿದರು. ನಮ್ಮಲ್ಲಿ ಸಂಜೆ ಹೊತ್ತು ಬರುತ್ತಿದ್ದ ಕೃಷಿರಂಗದ ಮಾತುಕತೆ ನೆನಪಿರುವವರಿಗೆ ಇದರ ಹದ ಬೇಗ ಸಿಗುತ್ತದೆ. ವಾರದ ಕಂತುಗಳನ್ನೆಲ್ಲ ಭಾನುವಾರ ಬೆಳಗ್ಗೆ ಒಟ್ಟಿಗೆ ಹಾಕುತ್ತಾರೆ. ಹೊಸ ಕಂತು ಅವತ್ತೇ ಸಂಜೆ ಏಳಕ್ಕೆ.

ಮೊದಲ ದಿನ ನಿಮಗೆ ಏನೂ ಅರ್ಥ ಆಗುವುದಿಲ್ಲ. ಯಾರು ಯಾರ ಮಗ, ಯಾರ ಜಮೀನು ಯಾವುದು, ಒಂದೂ ತಿಳಿಯುವುದಿಲ್ಲ. ಬಿಡಬೇಡಿ. ಒಂದು ಮನೆಯವರನ್ನು ಹಿಡಿದುಕೊಳ್ಳಿ, ಮೂರು ವಾರ ಅವರನ್ನಷ್ಟೇ ಗಮನಿಸಿ. ನಾನು ಹಿಡಿದದ್ದು ಉಷಾ ಎಂಬ ಪಾತ್ರವನ್ನು. ಗುಪ್ತಾ ಮನೆತನದ ವಕೀಲೆ. ಬಿಳಿಯರೇ ತುಂಬಿದ ಹಳ್ಳಿಗೆ ಬಂದು, ಜನಾಂಗ ದ್ವೇಷದ ದಾಳಿ ಎದುರಿಸಿ, ಅಲ್ಲೇ ನಿಂತವಳು. 2008ರಲ್ಲಿ ಊರಿನ ಪಾದ್ರಿಯನ್ನು ಮದುವೆಯಾದಳು. ಅವಳ ದನಿ ಬಂದಾಗಲೆಲ್ಲ ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕೇಳುತ್ತಿದ್ದೆ.

ಇನ್ನೊಂದು ಲಾಭ ಕಿವಿಗೆ. ನಮಗೆ ಇಂಗ್ಲಿಷ್ ಬರುತ್ತದೆ. ಆದರೆ ಬಸ್ ಡ್ರೈವರ್ ಹೇಳಿದ್ದು, ನರ್ಸ್ ಫೋನಿನಲ್ಲಿ ಕೇಳಿದ್ದು ತಿಳಿಯದೆ ತಬ್ಬಿಬ್ಬಾಗುತ್ತೇವೆ. ರೇಡಿಯೊದಲ್ಲಿ ಸ್ಕಾಟ್ಲೆಂಡ್, ಯಾರ್ಕ್‌ಷೈರ್, ವೇಲ್ಸ್, ಲಿವರ್‌ಪೂಲ್ ಎಲ್ಲ ಕಡೆಯ ಮಾತು ಬೀಳುತ್ತದೆ. ಮುಖ ಕಾಣದ್ದರಿಂದ ಕಿವಿಯೇ ಕೆಲಸ ಮಾಡಬೇಕು. ಆರು ತಿಂಗಳಲ್ಲಿ ನನಗೆ ವ್ಯತ್ಯಾಸ ಗೊತ್ತಾಯಿತು.

ಮಧ್ಯಾಹ್ನ ಊಟವಾದ ಮೇಲೆ 'ಗಾರ್ಡನರ್ಸ್ ಕ್ವೆಶ್ಚನ್ ಟೈಮ್'. 1947ರಿಂದ ಇದೆ. ಮೊದಲ ಸಭೆ ಆ್ಯಷ್ಟನ್-ಅಂಡರ್-ಲೈನ್ ಎಂಬ ಊರಿನ ಹೋಟೆಲಿನಲ್ಲಿ ನಡೆಯಿತು. ಈಗಲೂ ಊರೂರಿಗೆ ಹೋಗುತ್ತಾರೆ. ಜನ ಎದ್ದು ನಿಂತು ತಮ್ಮ ಗಿಡದ ಕಷ್ಟ ಹೇಳುತ್ತಾರೆ, ತಿಳಿದವರು ಉತ್ತರ ಕೊಡುತ್ತಾರೆ. ನಾವು ಬಂದ ಹೊಸದರಲ್ಲಿ ಏಪ್ರಿಲ್ ಬಿಸಿಲು ಕಂಡ ತಕ್ಷಣ ಹುರುಳಿಕಾಯಿ, ಕುಂಬಳದ ಸಸಿ ಹೊರಗೆ ನೆಟ್ಟೆವು. ಒಂದೇ ರಾತ್ರಿಯ ಮಂಜುಗಡ್ಡೆಗೆ ಎಲ್ಲ ಕರಗಿಹೋದವು. ಮೇ ಕೊನೆಯವರೆಗೆ ತಡೆಯಬೇಕು ಎಂದು ಹೇಳಿಕೊಟ್ಟದ್ದು ಈ ಕಾರ್ಯಕ್ರಮ. ಕೊತ್ತಂಬರಿ ಬಿಸಿಲಿಗೆ ಬೇಗ ಹೂಬಿಡುತ್ತದೆ, ಸ್ವಲ್ಪ ನೆರಳಲ್ಲಿ ಹಾಕಿ ಎಂಬುದನ್ನೂ ಇಲ್ಲೇ ಕಲಿತೆ. ಪಕ್ಕದ ಮನೆಯ ಅಜ್ಜನ ಜೊತೆ ಅಲ್ಲಿಯವರೆಗೆ ಹವಾಮಾನ ಬಿಟ್ಟು ಬೇರೆ ಮಾತು ಇರಲಿಲ್ಲ. ಒಂದು ದಿನ ಬೇಲಿ ಆಚೆಯಿಂದ ಅವರೂ ಅದೇ ಕಾರ್ಯಕ್ರಮ ಕೇಳುತ್ತಿರುವುದು ಕೇಳಿಸಿತು. ಬಸವನಹುಳುವಿನ ಕಾಟದ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಮುಂದಿನ ಬೇಸಿಗೆಯಲ್ಲಿ ಅವರ ಸಸಿಗಳು ನಮ್ಮ ಹಿತ್ತಲಿಗೆ ಬಂದವು. ನಮ್ಮ ಮೆಂತ್ಯ ಅವರ ಮನೆಗೆ ಹೋಯಿತು.

ಆಮೇಲೆ ನಾಟಕ, ಪುಸ್ತಕ, ಕವಿತೆ. ನಿದ್ದೆ ಬಂದರೆ ಬರಲಿ. ಆರಕ್ಕೆ ಸ್ವಲ್ಪ ಮುಂಚೆ 'ಶಿಪ್ಪಿಂಗ್ ಫೋರ್ಕಾಸ್ಟ್' ಬರುತ್ತದೆ. ಬ್ರಿಟನ್ ಸುತ್ತಲಿನ ಸಮುದ್ರವನ್ನು 31 ಭಾಗ ಮಾಡಿ ಗಾಳಿ, ಮಳೆ, ದೂರದ ನೋಟ ಹೇಳುತ್ತಾರೆ. ವೈಕಿಂಗ್, ಡಾಗರ್, ಫಾಸ್ಟ್‌ನೆಟ್, ಹೆಬ್ರಿಡೀಸ್. ನಾವಿರುವ ಊರಿಗೂ ಸಮುದ್ರಕ್ಕೂ ಬಹಳ ದೂರ. ಆದರೂ ಆ ಹೆಸರುಗಳನ್ನು ನಿಧಾನವಾಗಿ ಓದುವ ದನಿಗೆ ನಮ್ಮ ಮಗಳು ಎಷ್ಟೋ ಸಲ ತೊಡೆ ಮೇಲೆ ಮಲಗಿದ್ದಾಳೆ. ಅದು ಮುಗಿದು ಆರಕ್ಕೆ ಲಂಡನ್ನಿನ ಬಿಗ್ ಬೆನ್ ಗಂಟೆ. ರೆಕಾರ್ಡ್ ಅಲ್ಲ, ಗೋಪುರದಲ್ಲಿಟ್ಟ ಮೈಕಿನಿಂದ ನೇರವಾಗಿ ಬರುತ್ತದೆ.

ಕಾರ್ಯಕ್ರಮಗಳ ಹೊತ್ತು ಆಗಾಗ ಬದಲಾಗುತ್ತದೆ, ಆ್ಯಪಿನಲ್ಲಿ ನೋಡಿಕೊಳ್ಳಿ. ಗಡಿಯಾರಕ್ಕೆ ರೇಡಿಯೊ ನಂಬುವುದಾದರೆ ಎಫ್ಎಂ ನಂಬಿ, ಗಂಟೆ ಆಯಿತೆಂದು ತಿಳಿಸುವ ಪಿಪ್ ಸದ್ದು ಆ್ಯಪಿನಲ್ಲಿ ತಡವಾಗಿ ಬರುತ್ತದೆ. ಇನ್ನೊಂದು ಮುಖ್ಯ: ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಬೇಸಿಗೆಯಲ್ಲಿ ಊರಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಅಮ್ಮನಿಗೆ ಫೋನ್ ಮಾಡುವ ಹೊತ್ತನ್ನು ಮೊದಲೇ ತಿಳಿಸಿಡಿ. ಅವರು ಕಾಯುತ್ತಾ ಕೂತಿರುತ್ತಾರೆ.