ಮೂವತ್ತು ದಾಟಿ ಜಿಎನ್‌ಎಂ ಸೇರಿದವರಿಗೆ ಡ್ರಿಪ್ ಲೆಕ್ಕ: ನನ್ನ ಅನುಭವ

ಕಾಸರಗೋಡಿನಲ್ಲಿ ಹತ್ತರವರೆಗೆ ಕನ್ನಡ ಮಾಧ್ಯಮ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮಂಗಳೂರಿನಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ. ಅಂಥವರಿಗೆ ಅನಾಟಮಿ ಬಾಯಿಪಾಠ ಆದೀತು, ಡ್ರಗ್ ಕ್ಯಾಲ್ಕುಲೇಶನ್ (ಔಷಧದ ಪ್ರಮಾಣದ ಲೆಕ್ಕ) ಮಾತ್ರ ತಲೆಗೆ ಹತ್ತದು ಎಂದವರೇ ಹೆಚ್ಚು. ಹತ್ತುತ್ತದೆ. ಕೊನೆಯ ವರ್ಷ ಚಿಕ್ಕ ಪ್ರಾಯದವರೂ ನನ್ನ ಪುಸ್ತಕ ನೋಡಿಯೇ ಲೆಕ್ಕ ಸರಿಮಾಡಿಕೊಳ್ಳುತ್ತಿದ್ದರು.

ಸೂತ್ರ ಉರುಹೊಡೆದದ್ದು ಪ್ರಯೋಜನಕ್ಕೆ ಬರಲಿಲ್ಲ. ಟ್ಯೂಶನ್‌ಗೆ ಕೊಟ್ಟ ನಾಲ್ಕು ಸಾವಿರದಷ್ಟು ದುಡ್ಡೂ ಹೋಯಿತು. 500 ಮಿಲಿ ಡ್ರಿಪ್, 8 ಗಂಟೆ, 20 ಹನಿಗೆ 1 ಮಿಲಿ ಬೀಳುವ ಸೆಟ್ (ಡ್ರಿಪ್ ಪೈಪು): ನಿಮಿಷಕ್ಕೆ ಎಷ್ಟು ಹನಿ? 8 ಗಂಟೆಯನ್ನು 480 ನಿಮಿಷ ಮಾಡಲು ಮರೆತರೆ ಉತ್ತರ 1250. ಅದನ್ನೇ ಬರೆದು ಬಿಡುತ್ತೇವೆ, ಯಾಕೆಂದರೆ ಸರಿಯಾದ ಉತ್ತರವಾದ ನಿಮಿಷಕ್ಕೆ 21 ಹನಿ ಬೀಳುವುದು ಹೇಗಿರುತ್ತದೆಂದು ಕಣ್ಣಿಗೆ ಗೊತ್ತಿರುವುದಿಲ್ಲ.

ಕಣ್ಣಿಗೆ ಕಲಿಸಿದ್ದು ಅಡಿಗೆಕೋಣೆಯಲ್ಲಿ. ಒಂದು ಹೊಸ ಮ್ಯಾಕ್ರೋ (ದೊಡ್ಡ ಹನಿಯ) ಸೆಟ್, ಒಂದು ಮೈಕ್ರೋ (ಸಣ್ಣ ಹನಿಯ) ಸೆಟ್, 5 ಮಿಲಿ ಸಿರಿಂಜ್, ಎಲ್ಲ ಸೇರಿ ಮುನ್ನೂರರ ಆಸುಪಾಸು. ನೀರು ತುಂಬಿದ ಬಾಟ್ಲಿಯನ್ನು ಆಣಿಗೆ ತೂಗುಹಾಕಿ ಕೆಳಗೊಂದು ಚೊಂಬು. ಮೊದಲ ರಾತ್ರಿ ಗಟ್ಟಿ ಪ್ಲಾಸ್ಟಿಕ್ ಬಾಟ್ಲಿ ಬಳಸಿದೆ. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ಹನಿ ನಿಂತೇಹೋಯಿತು. ಮೇಲಾದ ಬುಡಕ್ಕೆ ಸೂಜಿ ಚುಚ್ಚಿದ ಮೇಲೆ ಸರಿಯಾಯಿತು. ಮೆತ್ತನೆ ಸಲೈನ್ ಬಾಟ್ಲಿ ತಾನೇ ಕುಗ್ಗುತ್ತದೆ, ಚುಚ್ಚಬೇಕಿಲ್ಲ. ಹನಿ ಬೀಳುವ ಚೇಂಬರ್ ಅರ್ಧ ಮಾತ್ರ ತುಂಬಲಿ. ಪೂರ್ತಿ ತುಂಬಿದರೆ ಹನಿಯೇ ಕಾಣದು.

ಪ್ಯಾಕೆಟ್ ಮೇಲಿನ 20 ನಿಜವೇ ಎಂದು 100 ಹನಿ ಹಿಡಿದು ಸಿರಿಂಜಿನಲ್ಲಿ ಎಳೆದು ನೋಡಿ, 5 ಮಿಲಿ ಹತ್ತಿರ ಬರಬೇಕು. ಆಮೇಲೆ ಪೈಪು ಒತ್ತಿ ವೇಗ ಹೊಂದಿಸುವ ರೋಲರ್ ತಿರುಗಿಸಿ 15 ಸೆಕೆಂಡಿಗೆ 5 ಹನಿಗೆ ತಂದು, ಪೂರ್ತಿ ನಿಮಿಷ ಎಣಿಸಿ 21 ಮಾಡಿ. ಕಾಲು ಗಂಟೆ ಬಿಟ್ಟು ಮತ್ತೆ ಎಣಿಸಲೇಬೇಕು: ರೋಲರಿನಡಿ ಒತ್ತಿದ ಪೈಪು ಮೆಲ್ಲಗೆ ಆಕಾರ ಬದಲಿಸಿ ವೇಗ ಜಾರುತ್ತದೆ. ಬಾಟ್ಲಿಯನ್ನು ಒಂದಡಿ ಇಳಿಸಿದರೂ ನಿಧಾನವಾಗುತ್ತದೆ. ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಮಿಲಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ.

ಒಮ್ಮೆ ನೀರಿಗೆ ಸೋಪು ಕದಡಿ ನೋಡಿದೆ. ಹನಿ ಸಣ್ಣದಾಗಿ, ಅದೇ 5 ಮಿಲಿಗೆ 100ಕ್ಕಿಂತ ಎಷ್ಟೋ ಹೆಚ್ಚು ಹನಿ ಬೇಕಾಯಿತು. ಪರೀಕ್ಷೆಗೆ ಬೇಡದ ವಿಷಯ, ಆದರೆ ಡ್ರಾಪ್ ಫ್ಯಾಕ್ಟರ್ (1 ಮಿಲಿಗೆ ಎಷ್ಟು ಹನಿ) ಅಂದರೇನೆಂದು ನನಗೆ ತಿಳಿದದ್ದು ಆ ರಾತ್ರಿ.

ಉಳಿದದ್ದು ರೈಲಿನಲ್ಲಿ. ಕಾಲೇಜಿಗೆ ಹೋಗುವಾಗ 5 ಲೆಕ್ಕ, ಬರುವಾಗ 5, ಸುಮಾರು ನಾಲ್ಕು ತಿಂಗಳು. 20ರ ಸೆಟ್‌ಗೆ ಪೆನ್ನಿಲ್ಲದೆ ಉತ್ತರ ಹೇಳುವ ಅಡ್ಡದಾರಿ ಒಂದಿದೆ, ಇಲ್ಲಿ ಬರೆಯುವುದಿಲ್ಲ. ನೂರು ಲೆಕ್ಕ ಉದ್ದಕ್ಕೆ ಮಾಡಿದವರಿಗೆ ಅದು ತಾನಾಗಿ ಕಾಣುತ್ತದೆ.

ಇನ್ಸುಲಿನನ್ನೂ ಹೀಗೆಯೇ ನೀರೆಳೆದು ಕಲಿಯಿರಿ. ಕೆಂಪು ಮುಚ್ಚಳದ ಸಿರಿಂಜ್ 40ರದ್ದು (ಮಿಲಿಗೆ 40 ಯೂನಿಟ್), ಕಿತ್ತಳೆಯದು 100ರದ್ದು. 40ರ ವಯಲ್‌ನಿಂದ 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್ ಮಾತ್ರ.